ಮಾಂಸದ ಜಾಗಕ್ಕೆ ಯಾರು? ಆರು ತಿಂಗಳು ತಿಂದು ನೋಡಿದ ಹೋಲಿಕೆ

ಮೊದಲ ದಿನ ನಾನು ಹುರಿದ ಟೋಫು, ಅಂದರೆ ಸೋಯಾ ಹಾಲಿನ ಪನೀರು, ತವಾಕ್ಕೆ ಕಚ್ಚಿಕೊಂಡು ಬಿಡಲೇ ಇಲ್ಲ. ಸೌಟಿನಿಂದ ಎಬ್ಬಿಸಿದರೆ ಅರ್ಧ ತವಾದಲ್ಲಿ, ಅರ್ಧ ಸೌಟಿನಲ್ಲಿ. ತಟ್ಟೆಗೆ ಬಿದ್ದದ್ದು ಬಿಳಿ ಪುಡಿ. ಮಗ ಒಂದು ತುತ್ತು ಬಾಯಿಗಿಟ್ಟು, "ಅಪ್ಪಾ, ಒದ್ದೆ ರಬ್ಬರ್ ಥರ ಇದೆ" ಅಂದ. ನಾನೂ ತಿಂದು ನೋಡಿದೆ. ಹುಡುಗ ಸುಳ್ಳು ಹೇಳಿರಲಿಲ್ಲ.

ದಿನಕ್ಕೆ ಒಂದು ಹೊತ್ತಾದರೂ ಮಾಂಸ ಇಲ್ಲದಿದ್ದರೆ ಊಟ ಆದ ಹಾಗೇ ಅನಿಸದವನು ನಾನು. ಕೊಲೆಸ್ಟರಾಲ್ ಏರುತ್ತಿತ್ತು, ವೈದ್ಯರು ಎರಡು ಸಲ ಹೇಳಿ ಮೂರನೇ ಸಲ ಸುಮ್ನೆ ನನ್ನ ಮುಖ ನೋಡಿದರು. ಹೀಗೆ ಶುರುವಾಯಿತು. ದೊಡ್ಡ ತತ್ವ ಸಿದ್ಧಾಂತ ಏನೂ ಇರಲಿಲ್ಲ. ಕಣ್ಣ ಮುಂದೆ ಮೂರು ದಾರಿ ಇದ್ದವು. ವಾರದಲ್ಲಿ ಎರಡೇ ದಿನ ಮಾಂಸ ತಿನ್ನುವುದು ಒಂದು. ಹಾಲು, ಮೊಟ್ಟೆ ಇಟ್ಟುಕೊಂಡು ಮಾಂಸ, ಮೀನು ಪೂರ್ತಿ ಬಿಡುವುದು ಇನ್ನೊಂದು. ಹಾಲು, ಮೊಟ್ಟೆ, ಜೇನು ಯಾವುದೂ ಬೇಡ ಅನ್ನುವ ವೀಗನ್ ದಾರಿ ಮೂರನೆಯದು. ಯಾವುದು ಒಳ್ಳೆಯದು ಅಂತ ವಾದ ಮಾಡುವ ಬದಲು ತಲಾ ಎರಡು ತಿಂಗಳು ನಡೆದೇ ನೋಡೋಣ ಅಂದುಕೊಂಡೆ.

ವಾರಕ್ಕೆ ಎರಡು ದಿನ

ಇದಕ್ಕೆ ಫ್ಲೆಕ್ಸಿಟೇರಿಯನ್ ಅಂತ ಹೆಸರಿದೆ. 2003ರಲ್ಲಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಆ ವರ್ಷದ ಅತಿ ಉಪಯುಕ್ತ ಪದ ಅಂತ ಆರಿಸಿದ್ದು ಇದನ್ನೇ. ಉಪಯುಕ್ತ ನಿಜ, ಯಾಕಂದ್ರೆ ಏನು ತಿಂದರೂ ಇದರೊಳಗೆ ಹಿಡಿಸಬಹುದು!

ಮೊದಲ ಮೂರು ವಾರ ನಾನು ಮಾಡಿದ್ದು ಬರೀ ಚೌಕಾಸಿ. ನಾಳಿನ ಪಾಲನ್ನು ಇವತ್ತೇ ತಿನ್ನುವುದು, ಮುಂದಿನ ವಾರದ್ದನ್ನು ಈ ವಾರ ಸಾಲ ತೆಗೆಯುವುದು. ಲೆಕ್ಕ ಹಾಕಿದರೆ ವಾರಕ್ಕೆ ಐದು ದಿನ ಆಗಿತ್ತು. ಆಮೇಲೆ ಬುಧವಾರ ಮತ್ತು ಭಾನುವಾರ ಅಂತ ದಿನ ಕಟ್ಟಿದೆ. ಅಲ್ಲಿಗೆ ಜಗಳ ನಿಂತಿತು. ದಿನಾ ಹೊಸದಾಗಿ ನಿರ್ಧಾರ ಮಾಡಬೇಕಾಗಿ ಬಂದರೆ ನಾಲಿಗೆಯೇ ಗೆಲ್ಲುತ್ತದೆ, ಅಲ್ವಾ?

ಈ ದಾರಿಯಲ್ಲಿ ಸಿಕ್ಕ ಒಂದು ಉಪಾಯ ಮಾತ್ರ ಬಂಗಾರ. ಕೈಮಾದಲ್ಲಿ ಅರ್ಧದಷ್ಟು ತೆಗೆದು, ಆ ಜಾಗಕ್ಕೆ ಸಣ್ಣಗೆ ಹೆಚ್ಚಿದ ಅಣಬೆ ಹಾಕುವುದು. ಅಣಬೆಯನ್ನು ಮೊದಲು ಎಣ್ಣೆ ಇಲ್ಲದೆ ಬಾಣಲೆಯಲ್ಲಿ ಬಿಸಿ ಮಾಡಬೇಕು. ಅದು ಬೆವರಿ, ಬಿಟ್ಟ ನೀರೆಲ್ಲ ಆರಿ, ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಎಣ್ಣೆ, ಆಮೇಲೆ ಕೈಮಾ. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಹೆಂಡತಿ "ಇವತ್ತು ಜಾಸ್ತಿ ರುಚಿಯಾಗಿದೆ" ಅಂದಳು. ಮಾಂಸಕ್ಕೆ ರುಚಿ ಕೊಡುವ ಗ್ಲುಟಮೇಟ್ ಅಣಬೆಯಲ್ಲೂ ಇದೆ. ನಾಲಿಗೆ ಹುಡುಕುವುದು ಅದನ್ನೇ.

ಸಸ್ಯಾಹಾರದ ಎರಡು ತಿಂಗಳು

ಇದು ಸುಲಭ ಅಂದುಕೊಂಡಿದ್ದೆ. ಸುಲಭವೇ ಆಗಿತ್ತು, ಅದೇ ತೊಂದರೆ. ಮಾಂಸ ಇದ್ದ ಕಡೆಯಲ್ಲೆಲ್ಲ ಚೀಸ್ ಬಂದು ಕೂತಿತು. ಬ್ರೆಡ್ ಮೇಲೆ ಚೀಸ್, ಪಾಸ್ತಾ ಮೇಲೆ ಚೀಸ್, ತರಕಾರಿ ಬೇಯಿಸಿದರೆ ಅದರ ಮೇಲೂ ಚೀಸ್. ಎರಡು ತಿಂಗಳ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟರಾಲ್ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ಚೀಸಿನಲ್ಲೂ ಸ್ಯಾಚುರೇಟೆಡ್ ಕೊಬ್ಬು ತುಂಬಿದೆ. ಹೊಟ್ಟೆಗೆ ಅದು ಎಲ್ಲಿಂದ ಬಂದರೂ ಒಂದೇ.

ಪರಿಸರದ ಕಾರಣಕ್ಕೆ ಮಾಂಸ ಬಿಡುವವರಿಗೂ ಇಲ್ಲಿ ಒಂದು ಗುಂಡಿ ಇದೆ. 2018ರಲ್ಲಿ ಪೂರ್ ಮತ್ತು ನೆಮೆಸೆಕ್ ಅನ್ನುವ ಇಬ್ಬರು ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ದೊಡ್ಡ ಲೆಕ್ಕ ಪ್ರಕಟಿಸಿದರು. 100 ಗ್ರಾಂ ಪ್ರೋಟೀನ್ ಬೆಳೆಯಲು ಎಷ್ಟು ಹಸಿರುಮನೆ ಅನಿಲ ಹೊರಗೆ ಹೋಗುತ್ತದೆ ಅನ್ನುವುದು ಅದರಲ್ಲಿದೆ. ಮಾಂಸಕ್ಕೆಂದೇ ಸಾಕಿದ ದನಗಳ ಬೀಫ್ ಆದರೆ ಸರಾಸರಿ 50 ಕಿಲೋ, ಚೀಸ್ 11 ಕಿಲೋ, ಕೋಳಿ 6 ಕಿಲೋದ ಒಳಗೆ, ಟೋಫು 2 ಕಿಲೋ. ಅಂದರೆ ಕೋಳಿ ಬಿಟ್ಟು ಚೀಸ್ ಹಿಡಿದವನು ಹಿಂದಕ್ಕೆ ನಡೆದಂತೆ. ನಾನು ಮಾಡಿದ್ದು ಅದನ್ನೇ.

ಇನ್ನೊಂದು ಕಿರಿಕಿರಿ, ಕಣ್ಣಿಗೆ ಕಾಣದ ಮಾಂಸ. ಹಲವು ಚೀಸ್‌ಗಳಲ್ಲಿ ಹಾಲು ಒಡೆಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದು. ಅಸಲಿ ಪಾರ್ಮೆಸಾನ್‌ನಲ್ಲಂತೂ ನಿಯಮದ ಪ್ರಕಾರ ಅದೇ ಇರಬೇಕು. ಜೆಲ್ಲಿಯಲ್ಲಿ, ಮೆತ್ತನೆಯ ಮಿಠಾಯಿಯಲ್ಲಿ ಇರುವ ಜೆಲಟಿನ್ ಚರ್ಮ, ಮೂಳೆಗಳಿಂದ ತೆಗೆದದ್ದು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಲು ಕನ್ನಡಕ ಜೇಬಿನಲ್ಲಿಟ್ಟುಕೊಂಡು ಓಡಾಡುವ ಹಾಗಾಯಿತು.

ವೀಗನ್

ವೀಗನ್ ಅನ್ನುವ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ, ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದಾಗ. ಹಾಲೂ ಬೇಡ ಅನ್ನುವವರಿಗೆ ಬೇರೆ ಹೆಸರು ಬೇಕಿತ್ತು. ಈ ಎರಡು ತಿಂಗಳಲ್ಲಿ ನನಗೂ ಆ ಗೆರೆ ಎಲ್ಲಿದೆ ಅಂತ ಚೆನ್ನಾಗಿ ಅರ್ಥವಾಯಿತು. ಮಾಂಸ ಬಿಟ್ಟಾಗ ಒಂದು ಊಟ ಬದಲಾಗಿತ್ತು. ಹಾಲು ಬಿಟ್ಟಾಗ ಬೆಳಗ್ಗೆಯೇ ಬದಲಾಯಿತು.

ಸೋಯಾ ಹಾಲನ್ನು ಬಿಸಿ ಕಾಫಿಗೆ ಸುರಿದೆ. ಲೋಟದಲ್ಲಿ ಒಡೆದು ಚೂರು ಚೂರಾಗಿ ತೇಲಿತು. ಕಾಫಿಯ ಹುಳಿ ಮತ್ತು ಬಿಸಿ ಎರಡೂ ಸೇರಿ ಸೋಯಾ ಪ್ರೋಟೀನನ್ನು ಗಟ್ಟಿ ಮಾಡುತ್ತವೆ. ಹಾಲನ್ನು ಮೊದಲೇ ಬೆಚ್ಚಗೆ ಮಾಡಿ, ಲೋಟಕ್ಕೆ ಅದನ್ನೇ ಹಾಕಿ, ಮೇಲಿಂದ ಸ್ವಲ್ಪ ಆರಿದ ಕಾಫಿ ನಿಧಾನವಾಗಿ ಸುರಿದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಬಾದಾಮಿ ಹಾಲು ಬಣ್ಣಕ್ಕಷ್ಟೇ ಹಾಲು. ಹಸುವಿನ ಹಾಲಿನಲ್ಲಿ, ಸೋಯಾ ಹಾಲಿನಲ್ಲಿ 100 ಮಿಲೀಗೆ 3 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ, ಅಂಗಡಿಯ ಬಾದಾಮಿ ಹಾಲಿನಲ್ಲಿ ಅರ್ಧ ಗ್ರಾಂ ಇದ್ದರೆ ಹೆಚ್ಚು. ಕಾಫಿಗೆ ಗೆದ್ದದ್ದು ಓಟ್ ಹಾಲು. ಸಕ್ಕರೆ ಹಾಕದಿದ್ದರೂ ಸಿಹಿ ಇರುತ್ತದೆ, ಯಾಕಂದ್ರೆ ತಯಾರಿಸುವಾಗ ಕಿಣ್ವ ಹಾಕಿ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆ ಮಾಡಿರುತ್ತಾರೆ. ಪ್ರೋಟೀನ್ ಬೇಕಾದವರು ಸೋಯಾ ಕುಡಿಯಿರಿ, ಕಾಫಿ ಬೇಕಾದವರು ಓಟ್. ಯಾವುದೇ ಆದರೂ ಡಬ್ಬಿ ಚೆನ್ನಾಗಿ ಕುಲುಕಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಮೊಟ್ಟೆ ಬಿಡುವುದು ಅಷ್ಟು ಕಷ್ಟವಾಗಲಿಲ್ಲ. ಕೇಕಿಗೆ ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದರೆ ಲೋಳೆಯಾಗಿ ಒಂದು ಮೊಟ್ಟೆಯ ಕೆಲಸ ಮಾಡುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರಂತೂ ಮಾಯಾಜಾಲ. ಬೀಟರ್ ಹಾಕಿ ಹತ್ತು ನಿಮಿಷ ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ಅದನ್ನು ಸಿಂಕಿಗೆ ಚೆಲ್ಲುತ್ತಿದ್ದೆನಲ್ಲ!

ಸೋತಿದ್ದು ಚೀಸ್ ಹತ್ತಿರ. ಹಾಲಿನ ಕೇಸೀನ್ ಪ್ರೋಟೀನ್ ಬಿಸಿಗೆ ಸಡಿಲವಾಗಿ ಎಳೆ ಎಳೆಯಾಗುತ್ತದೆ. ತೆಂಗಿನೆಣ್ಣೆ ಮತ್ತು ಪಿಷ್ಟದಿಂದ ಮಾಡಿದ ವೀಗನ್ ಚೀಸಿನಲ್ಲಿ ಆ ಕೇಸೀನ್ ಇಲ್ಲ. ಒಂದೋ ಕರಗಲೇ ಇಲ್ಲ, ಇಲ್ಲವೇ ಗೋಂದಿನ ಹಾಗೆ ಹರಿಯಿತು. ಮೂರು ಬಗೆ ತಂದೆ, ಮೂರನ್ನೂ ಯಾರೂ ಮುಗಿಸಲಿಲ್ಲ.

ಆರೋಗ್ಯದ ವಿಷಯದಲ್ಲಿ ಒಂದು ಮಾತು, ಇದರಲ್ಲಿ ತಮಾಷೆ ಇಲ್ಲ. ವೀಗನ್ ಆದರೆ ವಿಟಮಿನ್ ಬಿ12 ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇ ಬೇಕು. ಗಿಡಗಳಲ್ಲಿ ನಂಬಬಹುದಾದ ಬಿ12 ಇಲ್ಲ. ಸ್ಪಿರುಲಿನಾದಲ್ಲಿ ಇದೆ ಅನ್ನುತ್ತಾರೆ, ಅದರಲ್ಲಿರುವುದು ಹೆಚ್ಚಿನಂಶ ದೇಹಕ್ಕೆ ಉಪಯೋಗವಿಲ್ಲದ ರೂಪ. ಕಬ್ಬಿಣದ ಅಂಶ ಕಾಳುಗಳಲ್ಲಿ ಇದ್ದರೂ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ನಿಂಬೆ ಹಿಂಡಿಕೊಂಡು, ಟೀ ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಹೆಚ್ಚು ಹತ್ತುತ್ತದೆ.

ತಟ್ಟೆಯ ನಡುವೆ ಯಾರು?

ಮೂರೂ ದಾರಿಯಲ್ಲಿ ನನಗೆ ಎದುರಾದ ನಿಜವಾದ ಪ್ರಶ್ನೆ ಇದೇ. ಮಾಂಸ ಬಿಡುವುದು ಅಷ್ಟು ಕಷ್ಟವಲ್ಲ. ಅದರ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು ಅನ್ನುವುದೇ ಕಷ್ಟ. ಖಾಲಿ ಬಿಟ್ಟರೆ ರಾತ್ರಿ ಹತ್ತಕ್ಕೆ ಬಿಸ್ಕತ್ತಿನ ಡಬ್ಬಿ ಕೈಗೆ ಬರುತ್ತದೆ.

ಮೊದಲು ಕೂರಿಸಿದ್ದು ಪೊಟ್ಟಣದ ಸಸ್ಯ ಬರ್ಗರ್. ಇಂಪಾಸಿಬಲ್ ಕಂಪನಿಯವರು ಸೋಯಾ ಬೇರಿನಲ್ಲಿರುವ ಲೆಗ್‌ಹಿಮೋಗ್ಲೋಬಿನ್ ಅನ್ನುವ ಪ್ರೋಟೀನನ್ನು ಯೀಸ್ಟಿನಲ್ಲಿ ತಯಾರಿಸಿ ಹಾಕುತ್ತಾರೆ. ರಕ್ತದಲ್ಲಿ, ಮಾಂಸದಲ್ಲಿ ಇರುವ ಹೀಮ್ ಅನ್ನುವ ಕಬ್ಬಿಣದ ಸಂಯುಕ್ತ ಅದರಲ್ಲೂ ಇದೆ. ಬಿಯಾಂಡ್ ಬರ್ಗರಿನಲ್ಲಿ ಬಟಾಣಿ ಪ್ರೋಟೀನ್, ಕೆಂಪಿಗೆ ಬೀಟ್ರೂಟ್. ರುಚಿ ಮಾಂಸಕ್ಕೆ ಹತ್ತಿರ, ಒಪ್ಪಬೇಕು. ಆದರೆ ಉಪ್ಪು ಕಡಿಮೆಯೇನಲ್ಲ. ಹತ್ತಿರ ಇರುವುದೇ ಅದರ ದೋಷ ಅಂತ ನನಗೆ ಅನಿಸಿತು. ಪ್ರತಿ ತುತ್ತಿಗೂ ಅಸಲಿಯನ್ನು ನೆನಪಿಸಿ, ಪ್ರತಿ ತುತ್ತಿಗೂ ಸ್ವಲ್ಪ ಸೋಲುತ್ತದೆ. ಸೈಕಲ್ ಕಲಿಯುವಾಗ ಪಕ್ಕಕ್ಕೆ ಹಾಕುವ ಸಣ್ಣ ಚಕ್ರದ ಹಾಗೆ ಮೊದಲ ತಿಂಗಳಿಗೆ ಸಾಕು.

ಸೋಯಾ ಚಂಕ್ಸ್ ಬಗ್ಗೆ ಪೊಟ್ಟಣದವರು ಕೂಗುವ ಲೆಕ್ಕ ನಂಬಬೇಡಿ. 100 ಗ್ರಾಮಿಗೆ 50 ಗ್ರಾಂ ಪ್ರೋಟೀನ್ ಅನ್ನುವುದು ಒಣಗಿದ್ದಾಗಿನ ಮಾತು. ನೀರು ಕುಡಿದು ಸುಮಾರು ಮೂರು ಪಟ್ಟು ತೂಕವಾದ ಮೇಲೆ ಮೂರರಿಂದ ಭಾಗಿಸಿ. ಆಗಲೂ ಕಡಿಮೆಯೇನಲ್ಲ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ, ಒತ್ತಡದಲ್ಲಿ ಯಂತ್ರದಿಂದ ಹೊರಗೆ ತಳ್ಳಿ ಉಬ್ಬಿಸಿದ ಪದಾರ್ಥ ಅದು, ಸ್ಪಂಜಿನಂತೆ. ಉಪ್ಪು ನೀರಿನಲ್ಲಿ ಕುದಿಸಿ, ತಣ್ಣೀರಿನಲ್ಲಿ ಎರಡು ಮೂರು ಸಲ ಗಟ್ಟಿಯಾಗಿ ಹಿಂಡಿದರೆ ಆ ಹಸಿ ವಾಸನೆ ಹೋಗುತ್ತದೆ. ಹಿಂಡದೆ ಹಾಕಿದರೆ ಮಸಾಲೆ ಒಳಗೆ ಹೋಗಲು ಜಾಗ ಎಲ್ಲಿದೆ?

ಸೀಟನ್ ಅಂದರೆ ಗೋಧಿಯ ಗ್ಲೂಟನ್. ಹಿಟ್ಟು ಕಲಸಿ, ನಲ್ಲಿಯ ಕೆಳಗೆ ಹಿಸುಕಿ ಹಿಸುಕಿ ತೊಳೆದರೆ ಪಿಷ್ಟ ಹಾಲಿನಂತೆ ಹರಿದು ಹೋಗಿ ಎಳೆಯುವ ಮುದ್ದೆ ಉಳಿಯುತ್ತದೆ. ಕೋಳಿ ಮಾಂಸದ ಎಳೆಗೆ ಇದಕ್ಕಿಂತ ಹತ್ತಿರದ್ದು ನನಗೆ ಸಿಗಲಿಲ್ಲ. ಮೊದಲ ಸಲ ಜೋರಾಗಿ ಕುದಿಸಿಬಿಟ್ಟೆ. ಉಬ್ಬಿ ಪಾತ್ರೆ ತುಂಬಿ, ಹಾಸಿಗೆಯ ಫೋಮ್ ಆಯಿತು. ಸಣ್ಣ ಉರಿಯಲ್ಲಿ ನೀರು ಅಲ್ಲಾಡಿಯೂ ಅಲ್ಲಾಡದಂತೆ ಬೇಯಿಸಬೇಕು. ಇದರಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ, ದಿನದಲ್ಲಿ ಯಾವಾಗಲಾದರೂ ಕಾಳು ತಿಂದರೆ ಸರಿಹೋಗುತ್ತದೆ. ಗ್ಲೂಟನ್ ಆಗದವರು ಮುಟ್ಟಲೇಬಾರದು.

ಟೆಂಪೆ ಇಂಡೋನೇಷ್ಯಾದ ಜಾವಾದಿಂದ ಬಂದದ್ದು. ಬೇಯಿಸಿದ ಸೋಯಾ ಕಾಳಿನ ಮೇಲೆ ರೈಜೋಪಸ್ ಬೂಷ್ಟು ಬೆಳೆದು, ಬಿಳಿ ಜಾಲದಿಂದ ಕಾಳುಗಳನ್ನೆಲ್ಲ ಹೊಲಿದ ಹಾಗೆ ಹಿಡಿದಿರುತ್ತದೆ. ಅಂಚಿನಲ್ಲಿ ಬೂದು, ಕಪ್ಪು ಕಲೆ ಕಂಡು ನಾನು ಮೊದಲ ತುಂಡನ್ನು ಕಸಕ್ಕೆ ಹಾಕಿದೆ. ಅದು ಕೆಟ್ಟದ್ದಲ್ಲ, ಬೂಷ್ಟಿನ ಬೀಜಕಣ ಅಂತ ಆಮೇಲೆ ಗೊತ್ತಾಯಿತು. ಲೋಳೆ ಬಂದರೆ, ಗುಲಾಬಿ ಬಣ್ಣ ಕಂಡರೆ ಎಸೆಯಿರಿ. ಹತ್ತು ನಿಮಿಷ ಆವಿಯಲ್ಲಿಟ್ಟರೆ ಕಹಿ ಇಳಿಯುತ್ತದೆ. ಇಷ್ಟೆಲ್ಲದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ಯಾಕಂದ್ರೆ ಇದು ಯಾರ ವೇಷವನ್ನೂ ಹಾಕುವುದಿಲ್ಲ.

ಅಣಬೆಗೆ ರುಚಿ ಇದೆ, ಜಗಿಯಲು ಚೆನ್ನಾಗಿದೆ, ಆದರೆ 100 ಗ್ರಾಮಿಗೆ 3 ಗ್ರಾಂ ಪ್ರೋಟೀನ್ ಅಷ್ಟೇ. ಅದೊಂದನ್ನೇ ತಿಂದು ಎದ್ದರೆ ಒಂದೂವರೆ ಗಂಟೆಗೆ ಮತ್ತೆ ಹಸಿವು.

ಕಾಳುಗಳು ಅಗ್ಗ, ನಾರು ಬೇಕಾದಷ್ಟು. ಮೊದಲ ವಾರ ಹೊಟ್ಟೆಯೊಳಗೆ ಗುಡುಗು. ಸ್ವಲ್ಪದಿಂದ ಶುರು ಮಾಡಿ, ನೆನೆಸಿದ ನೀರು ಚೆಲ್ಲಿ ಬೇಯಿಸಿದರೆ ಕಡಿಮೆಯಾಗುತ್ತದೆ, ಹೊಟ್ಟೆಯೂ ನಿಧಾನಕ್ಕೆ ಒಗ್ಗುತ್ತದೆ. ಕೆಂಪು ರಾಜ್ಮಾವನ್ನು ಮಾತ್ರ ಅರೆಬೆಂದದ್ದು ತಿನ್ನಬೇಡಿ. ಅದರಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ. ಚೆನ್ನಾಗಿ ಕುದಿಯಲೇಬೇಕು, ಕಡಿಮೆ ಬಿಸಿಯ ಸ್ಲೋ ಕುಕ್ಕರ್ ಸಾಲದು.

ಇನ್ನು ಆ ಒದ್ದೆ ರಬ್ಬರ್. ಟೋಫು ನನ್ನನ್ನು ಎರಡು ತಿಂಗಳು ಆಡಿಸಿತು. ಗುಟ್ಟು ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಗಟ್ಟಿ ಟೋಫು ಫ್ರೀಜರಿನ ಮೂಲೆಯಲ್ಲಿ ಮರೆತುಹೋಗಿತ್ತು. ತೆಗೆದರೆ ಹಳದಿ ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಎಸೆಯಲು ಮನಸ್ಸಾಗದೆ ಕರಗಿಸಿ, ಎರಡು ಅಂಗೈ ನಡುವೆ ಇಟ್ಟು ಒತ್ತಿದೆ. ಅರ್ಧ ಲೋಟ ನೀರು ಇಳಿಯಿತು. ಒಳಗಿನ ನೀರು ಮಂಜುಗಡ್ಡೆಯಾಗಿ ಎಲ್ಲ ಕಡೆ ತೂತು ಕೊರೆದಿತ್ತು. ಚಾಕು ಬಿಟ್ಟು ಕೈಯಲ್ಲೇ ಮುರಿದೆ, ಒರಟು ಅಂಚಿನ ತುಂಡುಗಳಾದವು. ಸೋಯಾ ಸಾಸ್, ಬೆಳ್ಳುಳ್ಳಿ ಕಲಸಿ, ಒಂದು ಚಮಚ ಕಾರ್ನ್‌ಫ್ಲೋರ್ ಉದುರಿಸಿ, ತವಾ ಹೊಗೆಯಾಡುವಷ್ಟು ಕಾದ ಮೇಲೆ ಹಾಕಿದೆ. ನಾಲ್ಕು ನಿಮಿಷ ಮುಟ್ಟಲಿಲ್ಲ. ತಾನಾಗಿಯೇ ತಳ ಬಿಟ್ಟು ಬಂತು, ಹೊರಗೆ ಗರಿಗರಿ, ಒಳಗೆ ಜಗಿಯುವ ಹಾಗೆ. ಮಗ ಮೂರು ಸಲ ಹಾಕಿಸಿಕೊಂಡ. ಏನು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರು ತಿಂಗಳು ಮುಗಿದು ಈಗ ವರ್ಷದ ಹತ್ತಿರ. ನಾನು ಉಳಿದದ್ದು ಮೊದಲ ದಾರಿಯಲ್ಲೇ, ಆದರೆ ವೀಗನ್ ತಿಂಗಳುಗಳಲ್ಲಿ ಕಲಿತ ಕೈಯೊಂದಿಗೆ. ಬುಧವಾರದ ಮಾಂಸ ಯಾವಾಗ ಬಿಟ್ಟುಹೋಯಿತೋ ನೆನಪಿಲ್ಲ. ಭಾನುವಾರದ್ದು ಇದೆ. ಕಾಫಿಗೆ ಓಟ್ ಹಾಲು ಉಳಿಯಿತು. ಹೆಂಡತಿ ಪೂರ್ತಿ ಸಸ್ಯಾಹಾರಕ್ಕೆ ಹೋದಳು, ಅವಳಿಗೆ ಅದೇ ಹಗುರ ಅನಿಸಿತಂತೆ, ದಿನ ಎಣಿಸುವ ತಲೆನೋವಿಲ್ಲ. ಚೀಸ್ ಡಬ್ಬಿ ಫ್ರಿಜ್ಜಿನ ಮೇಲಿನ ಶೆಲ್ಫಿಗೆ ಹೋಗಿದೆ, ಕೆಳಗಿದ್ದರೆ ಕೈ ಸುಮ್ಮನಿರುವುದಿಲ್ಲ.