ವಿಜಯಪುರದ ಸಂವಹನ ಶಿಬಿರ: ಹೇಳೋದು ಪಕ್ಕಾ, ಬರೆಯೋದು ಕಚ್ಚಾ

ಸ್ಟೇಷನ್ ರಸ್ತೆ ಕಡೆಯ ಒಂದು ತರಬೇತಿ ಕೇಂದ್ರ ಶನಿವಾರ, ಭಾನುವಾರ ನಡೆಸುವ ಶಿಬಿರವಿದು. ಶುಲ್ಕ 1,200 ರೂಪಾಯಿ. ಸಂದರ್ಶನಕ್ಕೆ ತಯಾರಾಗುವವರಿಗೆ, ಅಂಗಡಿ-ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಹೇಳಿ ಮಾಡಿಸಿದ್ದು.

ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುವುದು ಚಿತ್ರದ ಅಭ್ಯಾಸದಲ್ಲಿ. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಾರೆ. ಒಬ್ಬರ ಕೈಯಲ್ಲಿ ಒಂದಕ್ಕೊಂದು ತಾಗಿದ ಆರು ಚೌಕಗಳ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಕೇಳಿ ಬಿಡಿಸಬೇಕು. ಮೊದಲ ಸುತ್ತಿನಲ್ಲಿ ಬಿಡಿಸುವವರು ಬಾಯಿ ಬಿಡುವಂತಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಚಿತ್ರ ಮಾತ್ರ ಸೊಟ್ಟ: ಯಾವ ಮೂಲೆ ಯಾವ ಅಂಚಿಗೆ ತಾಗಬೇಕು ಎಂದು ಹೇಳುವವರು ಹೇಳಿರುವುದೇ ಇಲ್ಲ. ಎರಡನೇ ಸುತ್ತಿನಲ್ಲಿ ಪ್ರಶ್ನೆ ಕೇಳಬಹುದು. ಹೊತ್ತು ಹೆಚ್ಚು ಹಿಡಿದರೂ ಚಿತ್ರ ಸರಿ ಬರುತ್ತದೆ. 1951ರಲ್ಲಿ ಲೆವಿಟ್ ಮತ್ತು ಮುಲ್ಲರ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇಂಥದೇ ಪ್ರಯೋಗ ಮಾಡಿ ಕಂಡದ್ದೂ ಇದನ್ನೇ. ಇಲ್ಲಿ ಜೋಡಿಗಳು ಪಾತ್ರ ಅದಲುಬದಲು ಮಾಡಲು ಸಮಯ ಕೊಡುವುದಿಲ್ಲ, ಅದೊಂದು ಕೊರತೆ.

ಫೋನಿನ ಪಾಠವೂ ಚಲೋ. ತಲೆಯಾಡಿಸಿದ್ದು ಆಚೆಯವರಿಗೆ ಕಾಣದು, ನಡುನಡುವೆ ‘ಹೂಂ, ಹೇಳ್ರಿ’ ಅನ್ನಲೇಬೇಕು. ಕೊನೆಗೆ ಮೊತ್ತ, ತಾರೀಖು ಎರಡನ್ನೂ ತಿರುಗಿ ಓದಿ ಹೇಳಿಸುತ್ತಾರೆ.

ನೆಲದ ಮೇಲೆ 45 ಸೆಂ.ಮೀ., 1.2 ಮೀಟರ್, 3.6 ಮೀಟರಿಗೆ ಗೆರೆ ಎಳೆದು ಮಾತಾಡುವವರ ನಡುವಿನ ಆಪ್ತ, ವೈಯಕ್ತಿಕ, ಸಾಮಾಜಿಕ ಅಂತರ ತೋರಿಸುತ್ತಾರೆ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಈ ಅಳತೆಗಳನ್ನು ತೆಗೆದದ್ದು ಅಮೆರಿಕದ ಮಧ್ಯಮ ವರ್ಗದವರನ್ನು ನೋಡಿ. ಇಂಡಿ ಬಸ್ಸಿನ ಮೂರು ಜನರ ಸೀಟಿಗೆ ಇವು ಒಗ್ಗುವುದಿಲ್ಲ ಎಂಬುದನ್ನು ಶಿಬಿರದಲ್ಲಿ ಯಾರೂ ಹೇಳುವುದಿಲ್ಲ.

ತೀರಾ ತಪ್ಪಿದ್ದು, ಕೇಳುವವರ ಮೇಲಾಗುವ ಪರಿಣಾಮದಲ್ಲಿ ‘ಮಾತಿಗೆ ಶೇ. 7, ದನಿಗೆ 38, ಮುಖಕ್ಕೆ 55’ ಪಾಲು ಎಂಬ ಸ್ಲೈಡ್. ಈ ಲೆಕ್ಕದ ಮೂಲವಾದ ಮನಶ್ಶಾಸ್ತ್ರಜ್ಞ ಮೆಹ್ರಾಬಿಯನ್ 1967ರಲ್ಲಿ ಪರೀಕ್ಷಿಸಿದ್ದು ಬಿಡಿ ಪದಗಳನ್ನು, ಅದೂ ಮೆಚ್ಚುಗೆ-ಅಸಮಾಧಾನದ ಭಾವನೆಗಷ್ಟೇ ಸಂಬಂಧಿಸಿ. ಎಲ್ಲ ಮಾತಿಗೂ ಆ ಲೆಕ್ಕ ಹೊಂದುವುದಾದರೆ ತಹಶೀಲ್ದಾರ್ ಕಚೇರಿಯಲ್ಲಿ ಬರೀ ಕೈಸನ್ನೆ ಮಾಡಿ ಪಹಣಿ ತರಬಹುದಿತ್ತು!

ಬರವಣಿಗೆಗೆ ಸಿಗುವುದು ಅರ್ಧ ತಾಸು. ಅರ್ಜಿಯ ‘ವಿಷಯ’ದ ಸಾಲಿನಲ್ಲೇ ಸರ್ವೆ ನಂಬರ್, ಏನು ಬೇಕು ಎರಡನ್ನೂ ಬರೆಯದಿದ್ದರೆ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಇದನ್ನು ಕಲಿಸಲೇಬೇಕಿತ್ತು.

ಸಭಾಂಗಣಕ್ಕೆ ತಗಡಿನ ಮಾಡು, ಗೋಡೆಗೆ ಟೈಲ್ಸ್, ದನಿ ಗುಂಯ್ ಅನ್ನುತ್ತದೆ. ಮುಂದಿನ ಎರಡು ಸಾಲಿನಲ್ಲೇ ಜಾಗ ಹಿಡಿಯಿರಿ. ತಂಡ 24 ಜನಕ್ಕಿಂತ ದೊಡ್ಡದಾದರೆ ಜೋಡಿ ಅಭ್ಯಾಸ ಕೆಡುತ್ತದೆ, ದುಡ್ಡು ಕಟ್ಟುವ ಮುಂಚೆ ಕೇಳಿಕೊಳ್ಳಿ.