ಇಂಗ್ಲೆಂಡಿನ ಕೌನ್ಸಿಲ್‌ಗಳ ಆನ್‌ಲೈನ್ ಆಕ್ಷೇಪಣೆ ಸೇವೆ: ಪುಕ್ಕಟೆ, ಉಪಯುಕ್ತ, ತುಸು ಒರಟು

ಹಳ್ಳಿಯಂಚಿನ ಗ್ರೀನ್ ಬೆಲ್ಟ್ (ಪಟ್ಟಣ ಹರಡದಂತೆ ಕಟ್ಟಡಗಳಿಗೆ ನಿರ್ಬಂಧವಿರುವ) ಜಮೀನಿನಲ್ಲಿ ಬಡಾವಣೆಗೆ ಅರ್ಜಿ ಬಿದ್ದರೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಪ್ಲ್ಯಾನಿಂಗ್ ತಾಣದಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅರ್ಜಿ ಸಂಖ್ಯೆ ಹಾಕಿದರೆ ನಕ್ಷೆ, ಸಂಚಾರ ವರದಿ, ಪ್ರವಾಹದ ವರದಿ ಎಲ್ಲವೂ ಸಿಗುತ್ತವೆ; ಸೇವೆಯ ನಿಜವಾದ ಲಾಭ ಇದೇ. ಕಡತಗಳ ಹೆಸರುಗಳು ಮಾತ್ರ ತಲೆನೋವು.

ಮೊದಲು ಪ್ಲ್ಯಾನಿಂಗ್ ಸ್ಟೇಟ್‌ಮೆಂಟ್ (ಅರ್ಜಿದಾರರ ಸಮರ್ಥನೆಯ ಕಡತ) ತೆರೆದು, ಜಾಗವನ್ನು ‘ಗ್ರೇ ಬೆಲ್ಟ್’ ಎಂದಿದ್ದಾರೆಯೇ ನೋಡಿ; ಅಂದರೆ ಗ್ರೀನ್ ಬೆಲ್ಟ್‌ನೊಳಗಿದ್ದರೂ ಅದರ ಮುಖ್ಯ ಉದ್ದೇಶಗಳಿಗೆ ಬಲವಾಗಿ ನೆರವಾಗದ, ಹಾಗಾಗಿ ಕಟ್ಟಲು ಅನುಮತಿ ಸುಲಭವಾಗುವ ಜಾಗ. 2024ರ ಡಿಸೆಂಬರ್‌ನ ರಾಷ್ಟ್ರೀಯ ನೀತಿಯ ನಂತರ ಜಗಳವೆಲ್ಲ ಅದರ ಸುತ್ತಲೇ. ದೊಡ್ಡ ಪಟ್ಟಣ ಅಂಕೆಮೀರಿ ಹರಡುವುದನ್ನು, ಪಟ್ಟಣಗಳು ಒಂದಕ್ಕೊಂದು ಕೂಡಿಕೊಳ್ಳುವುದನ್ನು ಆ ಜಾಗ ಬಲವಾಗಿ ತಡೆಯುತ್ತಿದೆ ಎಂದು ನಕ್ಷೆಸಮೇತ ತೋರಿಸಿದರೆ ಗ್ರೇ ಬೆಲ್ಟ್ ಎಂಬ ವಾದ ಸಡಿಲಗೊಳ್ಳುತ್ತದೆ. ಎರಡು ಹಳ್ಳಿ ಕೂಡಿಕೊಂಡರೆ ಈ ಲೆಕ್ಕಕ್ಕೆ ಬಾರದು, ಅದು ಬೇಸರದ ಸಂಗತಿ. ಮನೆಯ ಬೆಲೆ ಇಳಿದೀತು, ಕಿಟಕಿಯ ನೋಟ ಹೋದೀತು ಎಂಬುದಕ್ಕಂತೂ ತೂಕವೇ ಇಲ್ಲ.

ಆಕ್ಷೇಪಣೆಯ ಅವಧಿ ಸಾಮಾನ್ಯವಾಗಿ 21 ದಿನ. ಬೇರೆಡೆ ಬರೆದಿಟ್ಟುಕೊಂಡು ಅಂಟಿಸಿ. ಪುಟ ಹೊತ್ತು ಮೀರಿ ಮುಚ್ಚಿಕೊಂಡರೆ ಬರೆದದ್ದೆಲ್ಲ ಹೋಗುತ್ತದೆ. ಬರೆದದ್ದು ಸಾರ್ವಜನಿಕವಾಗಿ ಕಾಣುತ್ತದೆ, ಫೋನ್ ನಂಬರ್ ಹಾಕಬೇಡಿ.

ದೊಡ್ಡ ಕೊರತೆ ತಾಣದ್ದಲ್ಲ, ಕಾನೂನಿನದು: ಅನುಮತಿ ಸಿಕ್ಕರೆ ಆಕ್ಷೇಪಿಸಿದವರಿಗೆ ಮೇಲ್ಮನವಿಯ ಹಕ್ಕಿಲ್ಲ. ಆರು ವಾರದೊಳಗೆ ಹೈಕೋರ್ಟಿನಲ್ಲಿ ನ್ಯಾಯಾಂಗ ಪರಿಶೀಲನೆ ಕೋರಬಹುದು, ಅದೂ ಕೌನ್ಸಿಲ್‌ನ ತೀರ್ಮಾನದಲ್ಲಿ ಕಾನೂನಿನ ತಪ್ಪಿದ್ದರೆ ಮಾತ್ರ.