ಒಂಬತ್ತು ಸಾವಿರದ ಗಿಟಾರಿಗೆ ಹನ್ನೊಂದು ಸಾವಿರದ ಉಪಚಾರ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡು "ಆಮೇಲೆ ಪಿಕಪ್, ಬ್ರಿಡ್ಜ್ ಬದಲಾಯಿಸಿಕೊಂಡರಾಯ್ತು" ಅಂತ ಲೆಕ್ಕ ಹಾಕುತ್ತಿರುವವರು ಇದನ್ನೊಮ್ಮೆ ಓದಿ. (ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ಲಾಗಿಸುವ ಅಯಸ್ಕಾಂತದ ಸುರುಳಿ, ಬ್ರಿಡ್ಜ್ ಅಂದರೆ ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ.) ಅದೇ ಲೆಕ್ಕ ಹಾಕಿಕೊಂಡು ನಾನು ಕಳೆದ ಮಾರ್ಚ್‌ನಲ್ಲಿ ಚಿಕ್ಕಮಗಳೂರಿನಿಂದ ಹಾಸನಕ್ಕೆ ಹೋಗಿ 9,000 ರೂಪಾಯಿ ಎಣಿಸಿ ಬಂದೆ. ಬೇಲೂರು ದಾಟಿ ಊರು ಮುಟ್ಟುವವರೆಗೂ ಬ್ಯಾಗನ್ನು ತೊಡೆಯಿಂದ ಇಳಿಸಿರಲಿಲ್ಲ.

ನನ್ನ ಕೆಲಸ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ತೇವಾಂಶ ಅಳೆಯದೆ, ಔಟ್‌ಟರ್ನ್ (ಒಣ ಹಣ್ಣಿಗೆ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ನೋಡದೆ ಯಾವ ಮೂಟೆಯ ಬಗ್ಗೆಯೂ ನಾವು ಬಾಯಿ ಬಿಡುವುದಿಲ್ಲ. ಅಂಥ ನಾನು ಗಿಟಾರನ್ನು ಬಣ್ಣ ನೋಡಿ ತಂದೆ.

1954ರಲ್ಲಿ ಫೆಂಡರ್ ಕಂಪನಿ ಹೊರತಂದ ಸ್ಟ್ರಾಟೋಕಾಸ್ಟರ್‌ನ ಅಗ್ಗದ ನಕಲು ಅದು, ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನದು. ಮಾರುತ್ತಿದ್ದ ಹುಡುಗ ಆಂಪ್ ಅನ್ನುವ ಸದ್ದು ಹಿಗ್ಗಿಸುವ ಪೆಟ್ಟಿಗೆಯಲ್ಲಿ, ಸ್ವರವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೂರ್ತಿ ತಿರುಗಿಸಿ ನುಡಿಸಿದ, ರೂಮಿನ ಕಿಟಕಿ ಅದುರಿತು, ನಾನು ಮರುಳಾದೆ. ಡಿಸ್ಟಾರ್ಷನ್ ಅಂದರೆ ಸಾರಿಗೆ ಸುರಿದ ಖಾರದ ಪುಡಿ, ಒಳಗಿನ ತರಕಾರಿ ಯಾವ ವಾರದ್ದು ಅಂತ ತಿಳಿಯುವುದೇ ಇಲ್ಲ. ಸಣ್ಣ ತಂತಿ ನೆಕ್ಕಿನ, ಅಂದರೆ ಉದ್ದನೆಯ ಹಿಡಿಯ, 12ನೇ ಫ್ರೆಟ್ಟಿನಿಂದ (ಅಡ್ಡ ಲೋಹದ ಪಟ್ಟಿ) ಕೆಳಗೆ ಝರ್ ಅನ್ನುತ್ತಿದ್ದುದು ನನ್ನ ಕಿವಿಗೂ ಬಿತ್ತು. ಕೇಳಿದ್ದಕ್ಕೆ, "ಹೊಸ ತಂತಿ ಹಾಕಿದ್ರೆ ಸರಿ ಹೋಗುತ್ತೆ ಅಣ್ಣಾ" ಅಂದ. ಅಣ್ಣ ನಂಬಿದ.

ಮನೆಗೆ ಬಂದ ಮೇಲೆ ಎರಡು ಕಾಟ ಶುರುವಾದವು. ಮೂರನೇ ತಂತಿ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಸಲ ಎಳೆದು ಬಿಟ್ಟರೆ ಇಳಿದು ಕೂರುತ್ತಿತ್ತು. ಜೊತೆಗೆ ಆಂಪ್ ಹಾಕಿದ ಕ್ಷಣದಿಂದ ಗುಂಯ್ ಅನ್ನುವ ಸದ್ದು. ಮೊದಲನೆಯದಕ್ಕೆ ತಂತಿ ಬಿಗಿ ಮಾಡುವ ಹೊಸ ಟ್ಯೂನಿಂಗ್ ಕೀ, 2,600. ಎರಡನೆಯದಕ್ಕೆ ಹೊಸ ಪಿಕಪ್, 4,800. ಹೇಗೂ ಬಿಚ್ಚುತ್ತೇವಲ್ಲ ಅಂತ ಬಾಡಿಯೊಳಗೆ ಇಳಿಯುವ ಉಕ್ಕಿನ ಬ್ಲಾಕ್ ಇರುವ ಬ್ರಿಡ್ಜ್, 2,200. ಹಾಕಿಕೊಟ್ಟವನ ಕೂಲಿ 1,500. ಅವನ ಅಂಗಡಿ ಎಲ್ಲಿ ಅಂತ ಕೇಳಬೇಡಿ, ಹೇಳುವುದಿಲ್ಲ. ಪಾಪ, ನಾನು ಹೇಳಿದ್ದನ್ನೇ ಮಾಡಿದ.

ಕೀ ಬದಲಾಯಿಸಿದ ಮೇಲೂ ತಂತಿ ಇಳಿಯುವುದು ನಿಲ್ಲಲಿಲ್ಲ. ದೋಷ ಕೀಯದಲ್ಲ, ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ಟಿನದು. ಪ್ಲಾಸ್ಟಿಕ್ ನಟ್ಟಿನ ಕಚ್ಚು ಇಕ್ಕಟ್ಟಾಗಿ ತಂತಿ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಶ್ರುತಿ ಮಾಡುವಾಗ 'ಟಿಕ್' ಅಂತ ಸದ್ದು ಬಂದು ಸ್ವರ ಒಮ್ಮೆಲೇ ಜಿಗಿದರೆ ನಿಮ್ಮದೂ ಇದೇ ರೋಗ. ಪೆನ್ಸಿಲ್ಲಿನ ಸೀಸವನ್ನು ಆ ಕಚ್ಚಿಗೆ ಉಜ್ಜಿದೆ, ಮುಕ್ಕಾಲು ಪಾಲು ವಾಸಿಯಾಯಿತು. ಪೆನ್ಸಿಲ್ ಮಗಳ ಜಾಮಿಟ್ರಿ ಬಾಕ್ಸಿನದು, ಅದಕ್ಕೆ ಬಿಲ್ ಇಲ್ಲ.

ಬ್ರಿಡ್ಜ್ ಕಥೆ ಇನ್ನೂ ಚೆಂದ. ಬ್ರಿಡ್ಜನ್ನು ಹಿಡಿದಿಡುವ ಆರು ಸ್ಕ್ರೂಗಳ ಸಾಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹಳೆಯ ಅಳತೆಯಲ್ಲಿ 56 ಮಿಲಿಮೀಟರ್, ಅಗ್ಗದ ಗಿಟಾರುಗಳಲ್ಲಿ ಹೆಚ್ಚಾಗಿ 52.5. ನಾನು ಅಳೆಯದೆ 56ರದ್ದು ತರಿಸಿದೆ. ಹಳೇ ತೂತುಗಳಿಗೆ ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಹೊಸ ತೂತು ಕೊರೆಯಬೇಕಾಯಿತು. ಕೊನೆಗೂ ಕೂತಿತು ಅನ್ನುವಷ್ಟರಲ್ಲಿ ಉಕ್ಕಿನ ಬ್ಲಾಕ್ ಹಿಂದಿನಿಂದ ಆಚೆ ಇಣುಕುತ್ತಿತ್ತು. ಅಸಲಿಯ ಬಾಡಿ ಸುಮಾರು 44 ಮಿಲಿಮೀಟರ್ ದಪ್ಪ, ನನ್ನದು 40. ಹಿಂದಿನ ಮುಚ್ಚಳ ಇಂದಿಗೂ ಹಾಕಿಲ್ಲ, ಹಾಕೋಕಾಗಲ್ಲ.

ಪಿಕಪ್‌ನಿಂದ ನಾದವೇನೋ ಸುಧಾರಿಸಿತು, ಸುಳ್ಳು ಹೇಳಬಾರದು. ಆದರೆ ದುಡ್ಡು ಉಳಿಸಲು ಎರಡನ್ನು ಮಾತ್ರ ಬದಲಾಯಿಸಿ ನಡುವಿನದನ್ನು ಹಳೆಯದೇ ಬಿಟ್ಟಿದ್ದೆ. ಎರಡು ಪಿಕಪ್ ಒಟ್ಟಿಗೆ ಬರುವ ಕಡೆ ಸ್ವಿಚ್ ಇಟ್ಟರೆ ಸದ್ದು ಫೋನಿನೊಳಗಿಂದ ಬಂದ ಹಾಗೆ ತೆಳ್ಳಗೆ. ಕೇಳಿದರೆ ಅಂಗಡಿಯವನು, "ಅದು ಫಾರಿನ್ ಸೌಂಡ್ ಸಾರ್" ಅಂದ. ಬೇರೆ ಬೇರೆ ಕಂಪನಿಯ ಪಿಕಪ್‌ಗಳು ಒಂದಕ್ಕೊಂದು ಉಲ್ಟಾ ಫೇಸ್‌ನಲ್ಲಿದ್ದರೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿದರೆ, ಹೀಗಾಗುತ್ತದೆ. ನಡುವಿನದರ ಎರಡು ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿದರೆ ಮುಗಿಯಿತು. ಎರಡು ತಿಂಗಳು ನಾನು ಫಾರಿನ್ ಸೌಂಡ್‌ನಲ್ಲೇ ನುಡಿಸಿದೆ.

ಗುಂಯ್ ಮಾತ್ರ ಕದಲಲಿಲ್ಲ. ಸಿಂಗಲ್ ಕಾಯಿಲ್ ಅಂದ ಮೇಲೆ ಕರೆಂಟಿನ 50 ಹರ್ಟ್ಜ್ ಸ್ವಲ್ಪ ಹಿಡಿದುಕೊಳ್ಳುವುದು ಅದರ ಗುಣ. ನಮ್ಮ ಮನೆಯ ಪ್ಲಗ್ಗಿನಲ್ಲಿ ಮೂರನೇ ತೂತು ಬರೀ ಶೋಕಿಗೆ, ಅರ್ಥಿಂಗೇ ಇಲ್ಲ ಅನ್ನುವುದು ತಡವಾಗಿ ಗೊತ್ತಾಯಿತು. ಇದೊಂದನ್ನು ದಯವಿಟ್ಟು ತಮಾಷೆಯಾಗಿ ತಗೋಬೇಡಿ. ಗಣಪತಿ ಪೆಂಡಾಲಿನಲ್ಲಿ ಗಿಟಾರ್ ಹಿಡಿದು ಕೋರಸ್ ಹಾಡಲು ಹೋದಾಗ ಮೈಕಿಗೆ ತುಟಿ ತಾಗಿ ಶಾಕ್ ಹೊಡೆಯಿತು. ತಂತಿಗಳು ಆಂಪ್‌ನ ಗ್ರೌಂಡಿಗೆ, ಮೈಕ್ ಸೌಂಡ್ ಮಿಕ್ಸರಿನ ಗ್ರೌಂಡಿಗೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ನಡುವಿನ ಸೇತುವೆ ನೀವೇ.

ಆವತ್ತು ನಮ್ಮ ಆರ್ಕೆಸ್ಟ್ರಾಕ್ಕೆ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಗಿಟಾರನ್ನು ಎತ್ತಿ, ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ಕಿನುದ್ದಕ್ಕೂ ನೋಡಿದರು. "ಇದರ ನೆಕ್ಕೇ ತಿರುಚಿಕೊಂಡಿದೆಯಲ್ಲಪ್ಪಾ. ಇದಕ್ಕೆ ಎಷ್ಟು ಸುರಿದೆ?" ಅಂದರು. ನಾನು ಅರ್ಧ ಮಾತ್ರ ಹೇಳಿದೆ.

ಅವರು ತೋರಿಸಿದ್ದು ಇಷ್ಟೇ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ, ತಂತಿಯೇ ನಿಮ್ಮ ಸ್ಕೇಲು. 7–8ನೇ ಫ್ರೆಟ್ಟಿನ ಹತ್ತಿರ ಒಂದು ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ ಕಾಲು ಮಿಲಿಮೀಟರ್ ಆಸುಪಾಸು, ಸಂದು ಕಂಡರೆ ಸರಿ. ದಪ್ಪ ತಂತಿಯಲ್ಲೂ ಸಣ್ಣ ತಂತಿಯಲ್ಲೂ ನೋಡಿ. ನನ್ನದರಲ್ಲಿ ದಪ್ಪ ತಂತಿಯ ಕಡೆ ಕಾರ್ಡ್ ಆರಾಮಾಗಿ ನುಸುಳಿತು, ಸಣ್ಣದರ ಕಡೆ ಸಂದೇ ಇಲ್ಲ. ಬರೀ ಬಾಗಿದ ನೆಕ್ಕನ್ನು ಒಳಗಿನ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ತಿರುಗಿಸಿ ಸರಿ ಮಾಡಬಹುದು, ನಮ್ಮ ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಅದು ಬೇಕಾಗುವುದೂ ಉಂಟು. ತಿರುಚಿದ್ದು ರಾಡಿನ ಮಾತು ಕೇಳುವುದಿಲ್ಲ. ನಾನಂತೂ ಕೇಳಿಸಲು ಹೋಗಿ, ಅಳತೆ ಹೊಂದದ ಅಲೆನ್ ಕೀ ಹಾಕಿ ಅದರ ತಲೆಯನ್ನೂ ಸವೆಸಿದೆ. ನೆಕ್ ನಾಲ್ಕು ಸ್ಕ್ರೂ ಮೇಲೆ ನಿಂತಿರುವುದು ನಿಜ, ಬದಲಾಯಿಸಬಹುದು. ಆದರೆ ಹೊಂದುವ ಹೊಸ ನೆಕ್‌ಗೆ ಕೇಳಿದ ಬೆಲೆ ನನ್ನ ಇಡೀ ಗಿಟಾರಿಗಿಂತ ಜಾಸ್ತಿ.

ಕೀ, ಪಿಕಪ್ ಬಿಚ್ಚಿ ಬಿಸ್ಕತ್ ಡಬ್ಬಿಯಲ್ಲಿಟ್ಟೆ.

ಹೋದ ತಿಂಗಳು ನಮ್ಮ ಸೂಪರ್‌ವೈಸರ್ ಮಗನಿಗೆ ಗಿಟಾರ್ ನೋಡಲು ಜೊತೆಗೆ ಹೋಗಿದ್ದೆ. ಆಂಪ್ ಹಾಕಬೇಡಿ ಅಂದೆ. ಆರೂ ತಂತಿಯ ಒಂದೊಂದು ಫ್ರೆಟ್ಟನ್ನೂ ಬರಿದೇ ಮೀಟಿದೆ, ಕಾರ್ಡ್ ತೂರಿಸಿದೆ, ಒಂದು ಕಣ್ಣು ಮುಚ್ಚಿ ನೆಕ್ ನೋಡಿದೆ. ಮಾರುವವರು, "ಸಾರ್, ನಿಮ್ದು ಮರಗೆಲಸನಾ?" ಅಂತ ಕೇಳಿದರು. ಪಿಕಪ್ ಕಚಡಾ, ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಂದು ಕೀ ಅಲ್ಲಾಡುತ್ತಿತ್ತು. ನೆಕ್ ನೇರವಾಗಿತ್ತು. 6,500ಕ್ಕೆ ಮುಗಿಸಿಕೊಂಡು ಬಂದೆವು, ಬಿಸ್ಕತ್ ಡಬ್ಬಿಯೂ ಅವನ ಮನೆಗೆ ಹೋಯಿತು.